ಕಣ್ಮರೆಯ ಕಾಯಕ



12ನೆಯ ಶತಮಾನದ ಕಲ್ಯಾಣದ ಶರಣರನ್ನು ನಾವು ಇಂದಿಗೂ ಅವರವರ ಕಾಯಕದ ಹೆಸರಿನಿಂದಲೇ ಸ್ಮರಿಸುತ್ತೇವೆ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮೇದರ ಕೇತಯ್ಯ, ನುಲಿಯ ಚಂದಯ್ಯ, ಹಡಪದ ಅಪ್ಪಣ್ಣ. ದೋಣಿ ನಡೆಸಿದವರು, ಬಟ್ಟೆ ಒಗೆದವರು, ಬಿದಿರು ಹೆಣೆದವರು, ಹಗ್ಗ ಹೊಸೆದವರು, ಎಲ್ಲರೂ ಅನುಭವ ಮಂಟಪದಲ್ಲಿ ಸರಿಸಮಾನರಾಗಿ ಕುಳಿತರು. ಆ ಮಂಟಪ ಇಂದು ಮತ್ತೆ ಕೂಡುವುದಾದರೆ, ಉಗುರಿನ ಸಂದಿಯಲ್ಲಿ ಗ್ರೀಸು ಮೆತ್ತಿಕೊಂಡ ಮೋಟಾರು ಮೆಕ್ಯಾನಿಕ್ಕನಿಗೂ ಅಲ್ಲಿ ಒಂದು ಆಸನ ಇದ್ದೇ ಇರುತ್ತದೆ ಎಂದು ನಾವು ನಂಬಿದ್ದೇವೆ. ಆದುದರಿಂದ ಈ ತಿಂಗಳು ನಾವು ಅವನ ಕಾಯಕದ ಒಂದು ಸಣ್ಣ ಭಾಗವನ್ನು ಚಿಂತನೆಗೆ ಎತ್ತಿಕೊಂಡಿದ್ದೇವೆ. ಕಾರಿನ ಎಂಜಿನ್ನಿನಲ್ಲಿ ಕೈಗೆ ಎಟುಕದ, ಕಣ್ಣಿಗೆ ಕಾಣದ ಮೂಲೆಯಲ್ಲಿರುವ ಇಗ್ನಿಷನ್ ಕಾಯಿಲುಗಳನ್ನು ಬದಲಿಸುವ ಕೆಲಸವೇ ಅದು.

ಧಾರ್ಮಿಕ ಮಾಸಪತ್ರಿಕೆಯಲ್ಲಿ ಇದೆಂಥ ವಿಷಯ ಎಂದು ಕೆಲವರು ಹುಬ್ಬೇರಿಸಬಹುದು. ಕಾಯಕವನ್ನು ನೋಡುವವರು ಎದುರಿಗಿದ್ದಾಗ ನಿಷ್ಠೆಯಿಂದಿರುವುದು ಎಲ್ಲರಿಗೂ ಸಾಧ್ಯ. ಯಾರೂ ಇಣುಕಿ ನೋಡಲಾರದ ಸಂದಿಯಲ್ಲಿ ಕೈ ತೂರಿಸಿ ಮಾಡುವ ಕೆಲಸದಲ್ಲಿ ನಿಷ್ಠೆ ಉಳಿಯುತ್ತದೆಯೇ ಎಂಬುದೇ ನಿಜವಾದ ಪರೀಕ್ಷೆ. ಇದು ಮೆಕ್ಯಾನಿಕ್ಕನಿಗೆ ಮಾತ್ರವಲ್ಲ, ಕಾರಿನ ಒಡೆಯನಾದ ಗೃಹಸ್ಥನಿಗೂ ಒಡ್ಡಿದ ಪರೀಕ್ಷೆ. ಮೊದಲು ವಸ್ತುವನ್ನು ಅರಿಯೋಣ. ಅರಿವಿಲ್ಲದ ಆಚಾರ ಕುರುಡು.

ಕಿಡಿಯ ಹುಟ್ಟು

ಪೆಟ್ರೋಲ್ ಎಂಜಿನ್ನಿನ ಪ್ರತಿಯೊಂದು ಸಿಲಿಂಡರಿನೊಳಗೂ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒತ್ತಿ ಹಿಡಿದು, ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿ ಒಂದು ಕಿಡಿಯನ್ನು ಹಾರಿಸಿ ಉರಿಸಬೇಕು. ಪ್ಲಗ್ಗಿನ ತುದಿಯಲ್ಲಿರುವ ಕಿರಿದಾದ ಸಂದನ್ನು ವಿದ್ಯುತ್ತು ಜಿಗಿಯಬೇಕಾದರೆ ಸಾವಿರಾರು ವೋಲ್ಟ್ ಬೇಕು. ಕಾರಿನ ಬ್ಯಾಟರಿಯಲ್ಲಿರುವುದು ಬರಿಯ 12 ವೋಲ್ಟ್. ಈ ಅಂತರವನ್ನು ತುಂಬುವುದೇ ಕಾಯಿಲು. ಕಬ್ಬಿಣದ ತಿರುಳಿನ ಸುತ್ತ ದಪ್ಪ ತಂತಿಯ ಕೆಲವು ನೂರು ಸುತ್ತು, ಅದರೊಂದಿಗೆ ಕೂದಲೆಳೆಯಂಥ ತಂತಿಯ ಸಾವಿರಾರು ಸುತ್ತು; ಇಷ್ಟೇ ಅದರ ರಚನೆ. ದಪ್ಪ ತಂತಿಯಲ್ಲಿ ಹರಿಯುತ್ತಿರುವ ವಿದ್ಯುತ್ತನ್ನು ಥಟ್ಟನೆ ಕಡಿದಾಗ, ತಿರುಳಿನಲ್ಲಿದ್ದ ಕಾಂತಬಲ ಕುಸಿದು, ಸಣ್ಣ ತಂತಿಯಲ್ಲಿ 20,000 ವೋಲ್ಟ್‌ಗೂ ಮಿಕ್ಕಿದ ಒತ್ತಡ ಉದ್ಭವಿಸಬಲ್ಲುದು. ಈ ಪ್ರೇರಣೆಯ ತತ್ತ್ವವನ್ನು 1831ರಲ್ಲಿ ಕಂಡುಹಿಡಿದವನು ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ. ಅದನ್ನು ಕಾಯಿಲಿನ ರೂಪಕ್ಕೆ ತಂದವರಲ್ಲಿ ಮೊದಲಿಗನಾಗಿ 1836ರಲ್ಲಿ ಕೆಲಸ ಮಾಡಿದವನು ಐರ್ಲೆಂಡಿನ ಮೇನೂತ್‌ನಲ್ಲಿ ವಿಜ್ಞಾನ ಬೋಧಿಸುತ್ತಿದ್ದ ನಿಕೋಲಸ್ ಕ್ಯಾಲನ್ ಎಂಬ ಕ್ರೈಸ್ತ ಪಾದ್ರಿ. ಪೂಜಾಪೀಠಕ್ಕೂ ಕಾರ್ಯಾಗಾರಕ್ಕೂ ಹಗೆತನವಿಲ್ಲವೆಂಬುದಕ್ಕೆ ಆತನೂ ಒಂದು ನಿದರ್ಶನ.

ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ಸಿಲಿಂಡರಿಗೂ ಎರಡು ಸುತ್ತಿಗೊಮ್ಮೆ ಕಿಡಿ ಬೇಕು. ಎಂದರೆ ನಿಮಿಷಕ್ಕೆ 1500, ಒಂದು ತಾಸಿಗೆ 90,000 ಕಿಡಿ. ಬಾನೆಟ್ಟಿನ ಕೆಳಗಿನ ಕಾವಿನಲ್ಲಿ ಬೆಂದು, ನಡುಗುತ್ತ, ಈ ಸೇವೆಯನ್ನು ವರ್ಷಗಟ್ಟಲೆ ಸಲ್ಲಿಸುವ ಕಾಯಿಲು ಒಂದು ದಿನ ದಣಿದು ಬೀಳುವುದರಲ್ಲಿ ಆಶ್ಚರ್ಯವಿಲ್ಲ.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಇಡೀ ಎಂಜಿನ್ನಿಗೆ ಒಂದೇ ಕಾಯಿಲು. ಬಾನೆಟ್ಟು ಎತ್ತಿದೊಡನೆ ತಗಡಿನ ಡಬ್ಬಿಯಂತೆ ಎದುರಿಗೇ ಕಾಣಿಸುತ್ತಿತ್ತು. ಅದರಿಂದ ಹೊರಟ ಶಕ್ತಿಯನ್ನು ಡಿಸ್ಟ್ರಿಬ್ಯೂಟರ್ ಸರದಿಯಂತೆ ನಾಲ್ಕು ಪ್ಲಗ್ಗುಗಳಿಗೆ ಹಂಚುತ್ತಿತ್ತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕೂಡ ಮೊದಮೊದಲು ಇದೇ ಪದ್ಧತಿಯನ್ನು ಅನುಸರಿಸಿತು. ಇಂದಿನ ಬಹುಪಾಲು ಪೆಟ್ರೋಲ್ ಕಾರುಗಳಲ್ಲಿ ಪ್ಲಗ್ಗಿಗೊಂದರಂತೆ ಕಾಯಿಲು ಇದ್ದು, ಪ್ಲಗ್ಗಿನ ನೆತ್ತಿಯ ಮೇಲೆಯೇ ಕುಳಿತಿರುತ್ತದೆ. ಇದರಿಂದ ಉದ್ದನೆಯ ತಂತಿಗಳ ಗೊಡವೆ ತಪ್ಪಿತು, ಕಿಡಿಯ ಸಮಯ ನಿಖರವಾಯಿತು. ಆದರೆ ಎದುರಿಗೆ ಕಾಣುತ್ತಿದ್ದ ಕಾಯಿಲು ಕಣ್ಮರೆಯಾಯಿತು.

ಡೀಸೆಲ್ ವಾಹನಗಳಿರುವ ಮನೆಯವರು ಈ ವಿಷಯದಲ್ಲಿ ನಿಶ್ಚಿಂತರಾಗಿರಬಹುದು. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಒತ್ತಿದ ಕಾವಿಗೇ ಎಣ್ಣೆ ಹೊತ್ತಿಕೊಳ್ಳುವುದರಿಂದ ಅದಕ್ಕೆ ಇಗ್ನಿಷನ್ ಕಾಯಿಲು ಇರುವುದಿಲ್ಲ. ಹಾಗಿದ್ದೂ ಯಾರಾದರೂ ನಿಮ್ಮ ಡೀಸೆಲ್ ಗಾಡಿಗೆ ಕಾಯಿಲು ಹಾಕಿದೆವೆಂದು ಬಿಲ್ಲು ಕೊಟ್ಟರೆ ಎರಡು ಮಾತು ಕೇಳುವುದು ತಪ್ಪಲ್ಲ.

ಎಟುಕದ ಜಾಗಗಳು

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ರಸ್ತೆಗಳಲ್ಲಿ ಮಾರುತಿ ಓಮ್ನಿಯನ್ನು ಕಾಣದ ದಿನವಿಲ್ಲ. 1984ರಿಂದ 2019ರವರೆಗೆ ತಯಾರಾದ ಈ ವ್ಯಾನಿನ ಎಂಜಿನ್ನು ಮುಂದಿನ ಸೀಟುಗಳ ಅಡಿಯಲ್ಲಿದೆ. ಅದರ ತಮ್ಮನಂತೆ 2010ರಲ್ಲಿ ಬಂದ ಈಕೋದಲ್ಲಿಯೂ ಹಾಗೆಯೇ. ಸೀಟು ಎತ್ತಿ, ಮುಚ್ಚಳ ತೆಗೆದು, ಮಂಡಿಯೂರಿ ಕುಳಿತಲ್ಲದೆ ಪ್ಲಗ್ಗಿನ ದರ್ಶನವಾಗುವುದಿಲ್ಲ. ಇನ್ನು ಕೆಲವು ಸಣ್ಣ ಕಾರುಗಳಲ್ಲಿ ಏರ್ ಫಿಲ್ಟರಿನ ಡಬ್ಬಿಯೇ ಕಾಯಿಲುಗಳ ಮೇಲೆ ಚಪ್ಪರದಂತೆ ಹರಡಿಕೊಂಡಿರುತ್ತದೆ.

ಎಲ್ಲಕ್ಕಿಂತ ಕಷ್ಟವಾದದ್ದು ಅಡ್ಡಲಾಗಿ ಕೂರಿಸಿದ ಆರು ಸಿಲಿಂಡರಿನ ವಿ ಆಕಾರದ ಎಂಜಿನ್ನು. ಮೂರು ಸಿಲಿಂಡರುಗಳು ಮುಂದೆ, ಮೂರು ಹಿಂದೆ. ಮುಂದಿನ ಮೂರು ಕಾಯಿಲುಗಳು ಕೈಗೆ ಸಿಗುತ್ತವೆ. ಹಿಂದಿನ ಮೂರು, ಎಂಜಿನ್ನಿಗೂ ಪ್ರಯಾಣಿಕರ ಕೋಣೆಯ ಗೋಡೆಗೂ ನಡುವಿನ ಇಕ್ಕಟ್ಟಿನಲ್ಲಿ, ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿನ ಕೆಳಗೆ ಅಡಗಿರುತ್ತವೆ. ನಮ್ಮಲ್ಲಿ ಇಂಥ ಎಂಜಿನ್ನು ಕೆಲವೇ ದೊಡ್ಡ ಪೆಟ್ರೋಲ್ ಕಾರುಗಳಲ್ಲಿ ಬಂದಿತು. ಆದರೆ ಅಮೆರಿಕದಲ್ಲಿ ನೆಲೆಸಿರುವ ನಮ್ಮ ಬಂಧುಗಳಿಗೆ ಇದು ನಿತ್ಯದ ಪರಿಚಯ. 2007ರಿಂದ 2020ರವರೆಗೆ 3.5 ಲೀಟರಿನ ಆರು ಸಿಲಿಂಡರಿನೊಡನೆ ಬಂದ ಟೊಯೊಟಾ ಸಿಯೆನಾ ವ್ಯಾನಿನಲ್ಲಿ ಹಿಂಬದಿಯ ಕಾಯಿಲುಗಳನ್ನು ಮುಟ್ಟಬೇಕಾದರೆ ವೈಪರನ್ನೂ ಅದರ ಕೆಳಗಿನ ತಟ್ಟೆಯನ್ನೂ ಬಿಚ್ಚಿ, ಮ್ಯಾನಿಫೋಲ್ಡಿನ ಮೇಲ್ಭಾಗವನ್ನು ಎತ್ತಬೇಕು. ಕಾಯಿಲು ಬಿಚ್ಚುವುದು ಕೆಲವೇ ನಿಮಿಷದ ಕೆಲಸ. ಅದರ ಬಳಿಗೆ ಹೋಗುವುದಕ್ಕೆ ಅರ್ಧ ದಿನ.

ಕರಾವಳಿ ಮತ್ತು ಘಾಟಿ

ಕಾಯಿಲಿಗೆ ನಮ್ಮ ಕರಾವಳಿ ಸುಲಭದ ಸೀಮೆಯಲ್ಲ. ತ್ರಾಸಿ-ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66 ಒಂದು ಮಗ್ಗುಲಲ್ಲಿ ಅರಬ್ಬೀ ಸಮುದ್ರವನ್ನೂ ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕಾ ನದಿಯನ್ನೂ ಇಟ್ಟುಕೊಂಡು ಸಾಗುತ್ತದೆ. ಗಂಗೊಳ್ಳಿಯ ಬಂದರಿನ ಉಪ್ಪುಗಾಳಿ ಕಬ್ಬಿಣವನ್ನು ತಿನ್ನುವಂತೆಯೇ ತಾಮ್ರದ ಕನೆಕ್ಟರನ್ನೂ ತಿಂದು ಹಸಿರು ಕಿಲುಬು ಹಿಡಿಸುತ್ತದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ನಾಡಿದು. ಪ್ಲಗ್ಗಿನ ಬಾವಿಯೊಳಗೆ ತೇವ ಸೇರಿತೆಂದರೆ, ಕಾಯಿಲಿನ ಬಾಯಿಗೆ ತೊಡಿಸಿದ ರಬ್ಬರಿನ ಬೂಟು ಬಿರಿದಿದ್ದಲ್ಲಿ, ಕಿಡಿಯು ಪ್ಲಗ್ಗಿನ ತುದಿಗೆ ಹೋಗದೆ ಪಕ್ಕದ ಲೋಹಕ್ಕೆ ಸೋರಿಹೋಗುತ್ತದೆ. ಆಷಾಢದ ಮುಂಜಾವಿನಲ್ಲಿ ಸ್ಟಾರ್ಟ್ ಮಾಡಿದಾಗ ಕೆಮ್ಮಿ ಕೆಮ್ಮಿ, ಕಾವೇರಿದ ಮೇಲೆ ಸುಮ್ಮನಾಗುವ ಕಾರು ಬಹುಮಟ್ಟಿಗೆ ಇದೇ ಸಂಕಟವನ್ನು ಹೇಳಿಕೊಳ್ಳುತ್ತಿರುತ್ತದೆ. ಗ್ಯಾರೇಜಿನವರು ಇದನ್ನೇ ಗಾಡಿ ಮಿಸ್ಸಿಂಗ್ ಹೊಡೆಯುತ್ತಿದೆ ಎನ್ನುವುದು.

ಇದಕ್ಕೂ ಮಿಗಿಲಾದದ್ದು ಘಾಟಿ. ಬ್ರಹ್ಮಾವರದಿಂದ ಹೆಬ್ರಿಯ ಮೇಲಾಗಿ ಆಗುಂಬೆ, ಕುಂದಾಪುರದಿಂದ ಸಿದ್ದಾಪುರ, ಹೊಸಂಗಡಿಗಳ ಮೇಲಾಗಿ ಬಾಳೆಬರೆ, ಕೊಲ್ಲೂರಿನಿಂದ ನಾಗೋಡಿ, ಹೀಗೆ ಮೂರು ದಾರಿಗಳು ಮಲೆನಾಡಿಗೆ ಏರುತ್ತವೆ. ನಮ್ಮ ಸಮಾಜಕ್ಕೂ ಈ ಘಾಟಿಗಳಿಗೂ ಹಳೆಯ ನಂಟಿದೆ. ವೀರಶೈವರಾದ ಕೆಳದಿಯ ಅರಸರು ಬಿದನೂರನ್ನು, ಎಂದರೆ ಇಂದಿನ ನಗರವನ್ನು, ರಾಜಧಾನಿ ಮಾಡಿಕೊಂಡು 1763ರವರೆಗೆ ಘಟ್ಟದ ಮೇಲನ್ನೂ ಕೆಳಗನ್ನೂ ಆಳಿದರು. ಬಸರೂರು ಅವರ ಕಾಲದ ದೊಡ್ಡ ಬಂದರು. ಘಟ್ಟದ ಮೇಲಿನ ಮೆಣಸು ಹೇರೆತ್ತುಗಳ ಬೆನ್ನೇರಿ ಕೆಳಗಿಳಿಯುತ್ತಿತ್ತು. ಕೊಲ್ಲೂರಿನ ಕ್ಷೇತ್ರಕ್ಕೂ ಅವರು ಸೇವೆ ಸಲ್ಲಿಸಿದವರು. ಇಂದಿಗೂ ಹೊಸನಗರ, ಸಾಗರ, ಶಿವಮೊಗ್ಗಗಳ ನಮ್ಮ ಮನೆತನಗಳು ಇದೇ ದಾರಿಯಲ್ಲಿ ಕಾರಿನಲ್ಲಿ ಇಳಿದುಬರುತ್ತವೆ, ಮತ್ತೆ ಹತ್ತಿ ಹೋಗುತ್ತವೆ.

ಹತ್ತುವಾಗಲೇ ಕಾಯಿಲಿನ ದೌರ್ಬಲ್ಯ ಬಯಲಾಗುವುದು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರಿಗೆ ಹೆಚ್ಚು ಗಾಳಿ ನುಗ್ಗುತ್ತದೆ. ಕಿಡಿ ಹಾರಬೇಕಾದ ಕ್ಷಣದಲ್ಲಿ ಒತ್ತಡ ಏರಿರುತ್ತದೆ. ಒತ್ತಡ ಏರಿದಷ್ಟೂ ಸಂದನ್ನು ಜಿಗಿಯಲು ಹೆಚ್ಚು ವೋಲ್ಟ್ ಬೇಕು. ಸಪಾಟು ರಸ್ತೆಯಲ್ಲಿ ಹೇಗೋ ನಿಭಾಯಿಸುತ್ತಿದ್ದ ದುರ್ಬಲ ಕಾಯಿಲು ಇಲ್ಲಿ ಕೈಚೆಲ್ಲುತ್ತದೆ. ಆರು ಸಿಲಿಂಡರಿನ ಕಾರಿನಲ್ಲಿ ಒಂದು ಸತ್ತರೆ ಕುಂದಾಪುರದಿಂದ ಬೈಂದೂರಿನವರೆಗಿನ ಸಮತಟ್ಟಾದ ಹೆದ್ದಾರಿಯಲ್ಲಿ ಚಾಲಕನಿಗೆ ಗೊತ್ತೇ ಆಗದಿರಬಹುದು. ಬಾಳೆಬರೆಯ ತಿರುವಿನಲ್ಲಿ, ಹಿಂದೆ ಬಸ್ಸು ಹಾರ್ನ್ ಹಾಕುತ್ತಿರುವಾಗ, ಮಳೆ ಮಂಜಿನ ನಡುವೆ, ಹೆಂಡತಿ ಮಕ್ಕಳು ವೃದ್ಧ ತಾಯಿ ಕುಳಿತಿರುವಾಗ ಅದು ಗೊತ್ತಾಗುತ್ತದೆ. ಆಗ ಮೀಟರ್ ಫಲಕದಲ್ಲಿ ಎಂಜಿನ್ನಿನ ಚಿತ್ರದ ದೀಪ ಮಿಟುಕತೊಡಗಿದರೆ, ಉರಿಯದ ಪೆಟ್ರೋಲು ಹೊಗೆಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತಿದೆ ಎಂದರ್ಥ. ಆಕ್ಸಿಲರೇಟರಿನ ಮೇಲಿನ ಭಾರ ಇಳಿಸಿ, ಸುರಕ್ಷಿತವಾದ ಅಗಲ ಸಿಕ್ಕೊಡನೆ ನಿಲ್ಲಿಸುವುದೇ ಜಾಣತನ. ಕನ್ವರ್ಟರು ಹೋದರೆ ಅದರ ಬೆಲೆಯಲ್ಲಿ ಹಲವು ಕಾಯಿಲುಗಳು ಬಂದಾವು.

ಮೊದಲು ಪರೀಕ್ಷೆ, ಆಮೇಲೆ ಚಿಕಿತ್ಸೆ

ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳೋಣ. ಕೊಲ್ಲೂರಿಗೆ ಬಂದಿದ್ದ ಮಲೆನಾಡಿನ ಕುಟುಂಬವೊಂದರ ಹಳೆಯ ದೊಡ್ಡ ಕಾರು ಹೀಗೆ ಮಿಸ್ಸಿಂಗ್ ಹೊಡೆಯುತ್ತ ಕುಂದಾಪುರದ ಗ್ಯಾರೇಜೊಂದರ ಮುಂದೆ ನಿಂತಿದೆ. ಸಂಜೆಯೊಳಗೆ ಘಾಟಿ ಹತ್ತಬೇಕೆಂಬ ಆತುರ ಯಜಮಾನರಿಗೆ. ಮೆಕ್ಯಾನಿಕ್ಕನ ಮುಂದೆ ಈಗ ಎರಡು ಆಮಿಷಗಳಿವೆ. ಎಟುಕುವ ಮುಂದಿನ ಮೂರನ್ನು ಬದಲಿಸಿ, ಹಿಂದಿನವನ್ನೂ ನೋಡಿದೆನೆಂದು ಹೇಳಿ ಕಳುಹಿಸಿಬಿಡುವುದು ಒಂದು. ಪರೀಕ್ಷೆಯನ್ನೇ ಮಾಡದೆ ಆರೂ ಹೋಗಿವೆಯೆಂದು ಆರಕ್ಕೂ ಹಣ ಪಡೆಯುವುದು ಇನ್ನೊಂದು. ಎರಡನ್ನೂ ಯಜಮಾನರು ಕಂಡುಹಿಡಿಯಲಾರರು. ಅವನು ಕೈಯೊರಸಿಕೊಳ್ಳುತ್ತ, “ಕಾಣ್ದಿದ್ ಜಾಗ ಅಂದೇಳಿ ಬಿಟ್ರೆ ಆತಿಲ್ಲೆ ಮಾರಾಯ್ರೆ, ಬಿಚ್ಚಿಯೇ ಕಾಣ್ಕ್” ಎಂದರೆ, ಅವನ ಬಾಯಿಂದ ಬಂದದ್ದು ಶರಣರ ಮಾತೇ ಎಂದು ತಿಳಿಯಬೇಕು.

ಪರೀಕ್ಷೆ ಹೇಗೆ? ಇತ್ತೀಚಿನ ಕಾರುಗಳಲ್ಲಿ ಸ್ಕ್ಯಾನರ್ ಜೋಡಿಸಿದರೆ ಯಾವ ಸಿಲಿಂಡರಿನಲ್ಲಿ ಉರಿ ತಪ್ಪುತ್ತಿದೆ ಎಂದು ಅಂಕಿಯಲ್ಲಿ ಹೇಳುತ್ತದೆ. ಪಿ 0301 ಎಂದರೆ ಒಂದನೆಯದು, ಪಿ 0302 ಎಂದರೆ ಎರಡನೆಯದು, ಹೀಗೆ. ಪಿ 0300 ಎಂದರೆ ಒಂದೇ ಕಡೆ ನಿಲ್ಲದ ದೋಷ. ಆದರೆ ಸ್ಕ್ಯಾನರ್ ಹೇಳುವುದು ರೋಗದ ಸ್ಥಳವನ್ನು ಮಾತ್ರ, ಕಾರಣವನ್ನಲ್ಲ. ಕಾಯಿಲು, ಪ್ಲಗ್ಗು, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರು, ಇಲಿ ಹೆಗ್ಗಣ ಕಡಿದ ತಂತಿ, ಇವುಗಳಲ್ಲಿ ಯಾವುದೂ ಆಗಿರಬಹುದು. ಇದಕ್ಕೆ ಕಾಸು ಖರ್ಚಿಲ್ಲದ ಒಂದು ಪರೀಕ್ಷೆಯಿದೆ. ಸಂಶಯದ ಕಾಯಿಲನ್ನು ತೆಗೆದು ನೆರೆಯ ಸಿಲಿಂಡರಿಗೆ ಹಾಕಿ, ಅಲ್ಲಿಯದನ್ನು ಇಲ್ಲಿಗೆ ಹಾಕಬೇಕು. ದೋಷದ ಅಂಕಿಯೂ ಕಾಯಿಲಿನೊಂದಿಗೆ ಸ್ಥಳ ಬದಲಿಸಿದರೆ ಕಾಯಿಲೇ ಅಪರಾಧಿ. ಅಂಕಿ ಅಲ್ಲಿಯೇ ನಿಂತರೆ ಕಾಯಿಲು ನಿರಪರಾಧಿ, ಬೇರೆಡೆ ಹುಡುಕಬೇಕು.

ಇಲ್ಲಿ ಒಂದು ಎಚ್ಚರ. ಸಿಲಿಂಡರುಗಳ ಎಣಿಕೆಯ ಕ್ರಮ ಎಲ್ಲ ಕಂಪನಿಗಳಲ್ಲೂ ಒಂದೇ ಅಲ್ಲ. ಮೇಲೆ ಹೇಳಿದ ಟೊಯೊಟಾ ಎಂಜಿನ್ನಿನಲ್ಲಿ 1, 3, 5 ಹಿಂಬದಿಗೆ, 2, 4, 6 ಮುಂಬದಿಗೆ. ಕೈಪಿಡಿ ನೋಡದೆ ಎಡದಿಂದ ಬಲಕ್ಕೆ ಎಣಿಸಿದರೆ ಒಳ್ಳೆಯದನ್ನು ಎಸೆದು ಕೆಟ್ಟದ್ದನ್ನು ಉಳಿಸಿಕೊಂಡಂತಾದೀತು. ಹಳೆಯ ಕಾಲದವರು ಎಂಜಿನ್ನು ನಡೆಯುತ್ತಿರುವಾಗಲೇ ಪ್ಲಗ್ಗಿನ ತಂತಿ ಕಿತ್ತು ಪರೀಕ್ಷಿಸುವ ರೂಢಿಯಿಟ್ಟುಕೊಂಡಿದ್ದರು. ಇಂದಿನ ಕಾರುಗಳಲ್ಲಿ ಅದು ಕೂಡದು. ಶಾಕ್ ಹೊಡೆಯುವುದಲ್ಲದೆ, ಕಾಯಿಲೂ ಅದನ್ನು ಆಳುವ ಕಂಪ್ಯೂಟರೂ ಕೆಟ್ಟುಹೋಗಬಹುದು. ಎದೆಯಲ್ಲಿ ಪೇಸ್‌ಮೇಕರ್ ಇಟ್ಟುಕೊಂಡವರು ನಡೆಯುತ್ತಿರುವ ಎಂಜಿನ್ನಿನ ಮೇಲೆ ಬಾಗಲೇಬಾರದು.

ಕೆಲಸದ ಕ್ರಮ

ಎಂಜಿನ್ನು ಪೂರ್ತಿ ತಣಿಯಬೇಕು; ಇದು ಮೊದಲನೆಯ ನಿಯಮ. ಕಾದ ಅಲ್ಯೂಮಿನಿಯಮ್ಮಿನಿಂದ ಪ್ಲಗ್ಗು ಬಿಚ್ಚಿದರೆ ಮರೆ ಕಿತ್ತುಬರುವ ಅಪಾಯವಿದೆ. ಬ್ಯಾಟರಿಯ ಋಣ ತಂತಿಯನ್ನು ಕಳಚಬೇಕು. ಏನನ್ನು ಬಿಚ್ಚುವ ಮೊದಲೂ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳುವುದು ಒಳ್ಳೆಯದು. ಯಾವ ಕೊಳವೆ ಎಲ್ಲಿತ್ತೆಂಬ ಜಗಳ ಆಮೇಲೆ ಬರುವುದಿಲ್ಲ. ಬೋಲ್ಟುಗಳನ್ನು ಬಿಚ್ಚಿದ ಕ್ರಮದಲ್ಲಿ ಬೇರೆ ಬೇರೆ ಬಟ್ಟಲಿನಲ್ಲಿಡಬೇಕು. ಒಂದು ಉದ್ದವಾದರೆ ಇನ್ನೊಂದು ಗಿಡ್ಡ. ಅದಲುಬದಲಾದರೆ ಉದ್ದನೆಯದು ಒಳಗೆ ತಾಗಿ ಒಡೆಯುತ್ತದೆ.

ಮ್ಯಾನಿಫೋಲ್ಡನ್ನು ಎತ್ತಿದೊಡನೆ ಎಂಜಿನ್ನಿನ ಗಾಳಿದ್ವಾರಗಳು ಬಾಯಿ ತೆರೆದುಕೊಳ್ಳುತ್ತವೆ. ಅವುಗಳಿಗೆ ಶುಭ್ರವಾದ ಬಟ್ಟೆಯನ್ನು ತುರುಕಿ ಮುಚ್ಚಬೇಕು. ಒಂದು ಸಣ್ಣ ನಟ್ಟು ಒಳಗೆ ಬಿದ್ದರೆ ಇಡೀ ಎಂಜಿನ್ನೇ ಹಾಳಾಗಬಲ್ಲುದು. ಎಷ್ಟು ಬಟ್ಟೆ ತುರುಕಿದೆವೆಂದು ಎಣಿಸಿ ಬರೆದಿಟ್ಟು, ಮುಚ್ಚುವ ಮೊದಲು ಅಷ್ಟನ್ನೂ ಎಣಿಸಿ ತೆಗೆಯಬೇಕು. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ದಾದಿಯರು ಹತ್ತಿಯ ಉಂಡೆಗಳನ್ನು ಎಣಿಸುವ ಹಾಗೆ.

ಕಾಯಿಲಿನ ಕನೆಕ್ಟರಿನ ಕೊಕ್ಕೆ ಕಾವಿನಲ್ಲಿ ಬೆಂದು ಹಪ್ಪಳದಂತಾಗಿರುತ್ತದೆ. ಅದನ್ನು ಎಳೆಯಬಾರದು, ಒತ್ತಿ ಬಿಡಿಸಬೇಕು. ಬಾವಿಯ ಸುತ್ತಲಿನ ಧೂಳನ್ನೂ ನೀರನ್ನೂ ಗಾಳಿಯಿಂದ ಊದಿ ತೆಗೆದ ಮೇಲೆ ಕಾಯಿಲಿನ ಬೋಲ್ಟು ಬಿಚ್ಚಿ, ಕಾಯಿಲನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ತಿರುಗಿಸಿ ಸಡಿಲಗೊಳಿಸಿ ನೇರವಾಗಿ ಮೇಲೆತ್ತಬೇಕು. ಓರೆಯಾಗಿ ಎಳೆದರೆ ರಬ್ಬರಿನ ಬೂಟು ಕೆಳಗೇ ಉಳಿಯುತ್ತದೆ. ಕಣ್ಣಿಗೆ ಕಾಣದಲ್ಲಿ ಕಡ್ಡಿಗೆ ಕಟ್ಟಿದ ಸಣ್ಣ ಕನ್ನಡಿಯೂ ಟಾರ್ಚೂ ಕಣ್ಣಾಗುತ್ತವೆ. ಕೈ ಹೋಗದಲ್ಲಿ ಮಡಚುವ ಜಾಯಿಂಟಿನ ಸಾಕೆಟ್ಟೂ ಅಯಸ್ಕಾಂತದ ಕಡ್ಡಿಯೂ ಬೆರಳಾಗುತ್ತವೆ.

ಮೇಲೆ ಬಂದ ಕಾಯಿಲನ್ನು ಸುಮ್ಮನೆ ಬದಿಗಿಡದೆ ನೋಡಬೇಕು. ಬೂಟಿನ ಮೇಲೆ ಕೂದಲೆಳೆಯಂಥ ಬಿಳಿಯ ಅಥವಾ ಕರಿಯ ಗೆರೆಯಿದ್ದರೆ ಕಿಡಿ ಸೋರಿದ ದಾರಿ ಅದೇ. ಕೆಲವು ಕಾಯಿಲುಗಳಲ್ಲಿ ಬೂಟನ್ನೂ ಒಳಗಿನ ಸ್ಪ್ರಿಂಗನ್ನೂ ಮಾತ್ರ ಬದಲಿಸಬಹುದು. ಇಡೀ ಕಾಯಿಲು ಬೇಕಿಲ್ಲ. ಬಾವಿಯಲ್ಲಿ ಎಣ್ಣೆ ನಿಂತಿದ್ದರೆ ಮೇಲಿನ ವಾಲ್ವ್ ಕವರಿನ ಗ್ಯಾಸ್ಕೆಟ್ಟು ಸೋರುತ್ತಿದೆ ಎಂದರ್ಥ. ಅದನ್ನು ಸರಿಪಡಿಸದೆ ಹೊಸ ಕಾಯಿಲು ಹಾಕುವುದು ಸೋರುವ ಮಾಡಿನ ಕೆಳಗೆ ಹೊಸ ಹಾಸಿಗೆ ಹಾಸಿದಂತೆ.

ಮರುಜೋಡಣೆಯಲ್ಲಿ ಪ್ಲಗ್ಗನ್ನು ಮೊದಲು ಬೆರಳಿನ ಬಲದಿಂದಲೇ ತಿರುಗಿಸಿ ಕೂರಿಸಬೇಕು; ಸ್ಪಾನರ್ ಆಮೇಲೆ. ಬೂಟಿನ ಒಳಬಾಯಿಗೆ ವಿದ್ಯುತ್ ಹರಿಯಗೊಡದ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಿದರೆ ನಮ್ಮ ಕರಾವಳಿಯ ತೇವಕ್ಕೆ ಒಳ್ಳೆಯ ಕಾವಲು. ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟು ಹೊಸದಿರಲಿ. ಹಳೆಯದನ್ನೇ ಕೂರಿಸಿ ಗಾಳಿ ಸೋರಿದರೆ ಒಂದು ಮಿಸ್ಸಿಂಗ್ ಹೋಗಿ ಇನ್ನೊಂದು ಬಂದೀತು. ಅದರ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಕಂಪನಿ ಹೇಳಿದ ಕ್ರಮದಲ್ಲಿ, ಹೇಳಿದಷ್ಟೇ ಬಿಗಿಯಬೇಕು.

ಒಂದೋ, ಎಲ್ಲವೋ?

ಒಂದು ಕಾಯಿಲು ಹೋದರೆ ಎಲ್ಲವನ್ನೂ ಬದಲಿಸಬೇಕೇ? ಗೃಹಿಣಿಯರು ಕೇಳುವ ಈ ಪ್ರಶ್ನೆ ಬಹಳ ಯುಕ್ತವಾದದ್ದು. ಇಲ್ಲಿ ನಮಗೆ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾಳೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಆಕೆ ಹಿಂದಕ್ಕೆ ಕಳುಹಿಸಿದಳೆಂದು ಪರಂಪರೆ ಹೇಳುತ್ತದೆ. ಬೇಕಾದಷ್ಟು ಮಾತ್ರ ಎಂಬ ಆ ಅಳತೆ ಕಾಯಿಲಿಗೂ ಅನ್ವಯಿಸುತ್ತದೆ. ಎಟುಕುವ ಜಾಗದಲ್ಲಿ ಕೆಟ್ಟದ್ದೊಂದನ್ನೇ ಬದಲಿಸಿದರೆ ಸಾಕು. ಉಳಿದದ್ದು ಕೆಟ್ಟಾಗ ನೋಡಿಕೊಳ್ಳಬಹುದು.

ಎಟುಕದ ಜಾಗದಲ್ಲಿ ಲೆಕ್ಕ ಬೇರೆ. ಅಲ್ಲಿ ಬೆಲೆಯಿರುವುದು ಬಿಚ್ಚುವ ಶ್ರಮಕ್ಕೆ. ಮ್ಯಾನಿಫೋಲ್ಡು ಹೇಗೂ ಎತ್ತಿದ ಮೇಲೆ ಹಿಂದಿನ ಮೂರು ಪ್ಲಗ್ಗುಗಳನ್ನೂ ಹೊಸದು ಮಾಡುವುದು ವಿವೇಕ. ಕಾಯಿಲಿನ ವಿಷಯದಲ್ಲಿ ಅನುಭವಿ ಮೆಕ್ಯಾನಿಕ್ಕರು ಬಳಸುವ ಉಪಾಯವೊಂದಿದೆ. ಮುಂದಿನದೂ ಹಿಂದಿನದೂ ಒಂದೇ ಮಾದರಿಯ ಕಾಯಿಲಾಗಿದ್ದರೆ, ಹೊಸದಾಗಿ ಕೊಂಡವನ್ನು ಎಟುಕದ ಹಿಂಬದಿಗೆ ಹಾಕುತ್ತಾರೆ. ಹಿಂದಿದ್ದ, ಪರೀಕ್ಷೆಯಲ್ಲಿ ಗೆದ್ದ ಹಳೆಯವನ್ನು ಎಟುಕುವ ಮುಂಬದಿಗೆ ತರುತ್ತಾರೆ, ಅಥವಾ ಡಿಕ್ಕಿಯಲ್ಲಿ ಕಾಪಿಡುತ್ತಾರೆ. ಮುಂದೆ ಹಳೆಯದು ಕೆಟ್ಟರೂ ಕೆಲವೇ ನಿಮಿಷದ ಕೆಲಸ. ಒಳ್ಳೆಯದನ್ನು ಎಸೆಯಲಿಲ್ಲ, ಎರಡನೆಯ ಬಾರಿ ಬಿಚ್ಚುವ ಕಷ್ಟವನ್ನೂ ತಂದುಕೊಳ್ಳಲಿಲ್ಲ. ಇದು ಜಿಪುಣತನವಲ್ಲ, ಹದವರಿತ ಬಾಳು. ಬಿಡಿಭಾಗ ಕೊಳ್ಳುವಾಗ ಮಾತ್ರ ಅಗ್ಗಕ್ಕೆ ಮರುಳಾಗಬಾರದು. ಹೆಸರುವಾಸಿ ಪೆಟ್ಟಿಗೆಯಲ್ಲಿ ನಕಲಿ ಮಾಲು ಬರುವ ಕಾಲವಿದು. ಎಟುಕದ ಜಾಗಕ್ಕೆ ಹಾಕುವ ವಸ್ತು ಬಿಲ್ಲಿನ ಸಮೇತ ನಂಬಿಕೆಯ ಅಂಗಡಿಯಿಂದಲೇ ಬರಬೇಕು.

ಕೂಲಿಯ ಮಾತು

ಇಷ್ಟು ಹೊತ್ತು ಮೆಕ್ಯಾನಿಕ್ಕನ ಧರ್ಮವನ್ನು ಹೇಳಿದೆವು. ಈಗ ಗೃಹಸ್ಥನ ಧರ್ಮ. ಕೆಲಸ ಮುಗಿದ ಮೇಲೆ ಬಿಲ್ಲಿನಲ್ಲಿ ಕಾಯಿಲಿಗಿಂತ ಕೂಲಿಯ ಮೊತ್ತ ದೊಡ್ಡದಾಗಿ ಕಂಡಾಗ, ಅಂಗೈಯಷ್ಟು ವಸ್ತು ಕೂರಿಸಲು ಇಷ್ಟೇ ಎಂದು ಚೌಕಾಶಿಗಿಳಿಯುವವರು ನಮ್ಮಲ್ಲಿ ಕಡಿಮೆಯಿಲ್ಲ. ಬೆನ್ನು ಬಗ್ಗಿಸಿ, ಮೊಣಕೈ ಗೀರಿಸಿಕೊಂಡು, ಕಾಣದ ಬೋಲ್ಟನ್ನು ಬೆರಳಿನಿಂದ ತಡವಿ ಹುಡುಕಿದ ಆ ಅರ್ಧ ದಿನ ಯಜಮಾನರ ಕಣ್ಣಿಗೆ ಬಿದ್ದಿರುವುದಿಲ್ಲ. ಕಾಣದ ಕೆಲಸಕ್ಕೆ ಕೂಲಿ ಕೊಡದ ಊರಿನಲ್ಲಿ ಕಾಣದ ಕೆಲಸವನ್ನು ಯಾರೂ ಮಾಡುವುದಿಲ್ಲ. ಮುಂದಿನ ಮೂರನ್ನು ಬದಲಿಸಿ ಹಿಂದಿನವನ್ನು ಮರೆಸುವ ಮೆಕ್ಯಾನಿಕ್ಕನನ್ನು ಸೃಷ್ಟಿಸುವವರಲ್ಲಿ ಚೌಕಾಶಿ ಮಾಡುವ ಗಿರಾಕಿಯೂ ಒಬ್ಬ.

ಆದುದರಿಂದ ಕೆಲಸ ಆರಂಭಿಸುವ ಮೊದಲೇ ಮಾತು ಸ್ಪಷ್ಟವಾಗಲಿ. ಎಷ್ಟು ಹೊತ್ತು ಹಿಡಿಯುತ್ತದೆ, ಕೂಲಿ ಎಷ್ಟು, ಯಾವ ಭಾಗಗಳು ಬದಲಾಗುತ್ತವೆ ಎಂದು ಕೇಳಿ ಒಪ್ಪಿಕೊಳ್ಳೋಣ. ತೆಗೆದ ಹಳೆಯ ಕಾಯಿಲನ್ನೂ ಪ್ಲಗ್ಗುಗಳನ್ನೂ ಕೊಡುವಂತೆ ವಿನಯದಿಂದ ಕೇಳೋಣ. ಪ್ರಾಮಾಣಿಕನಾದವನು ಇದನ್ನು ಅವಮಾನವೆಂದು ಭಾವಿಸುವುದಿಲ್ಲ. ತನ್ನ ಕೆಲಸ ತೋರಿಸಲು ಸಿಕ್ಕ ಅವಕಾಶವೆಂದೇ ತಿಳಿಯುತ್ತಾನೆ. ಒಪ್ಪಿದ ಕೂಲಿಯನ್ನು ಒಪ್ಪಿದಂತೆ, ಕೈಯಲ್ಲಿಟ್ಟು, ಒಂದು ಒಳ್ಳೆಯ ಮಾತಿನೊಡನೆ ಕೊಡೋಣ. ರಾತ್ರಿಯಾಯಿತೆಂದು ಅವಸರಪಡಿಸಿ ಅರ್ಧ ಕೆಲಸದಲ್ಲಿ ಘಾಟಿ ಹತ್ತುವುದಕ್ಕಿಂತ, ಕುಂದಾಪುರದಲ್ಲೋ ಬೈಂದೂರಿನಲ್ಲೋ ಒಂದು ರಾತ್ರಿ ತಂಗಿ ಮುಂಜಾನೆ ಹೊರಡುವುದು ಮನೆಮಂದಿಯ ಕ್ಷೇಮಕ್ಕೆ ಒಳ್ಳೆಯದು.

ನಮ್ಮ ಮನೆಗಳ ಮಕ್ಕಳಿಗೂ ಇದರಲ್ಲಿ ಒಂದು ಪಾಠವಿದೆ. ಐ.ಟಿ.ಐ. ಓದಿ ಗ್ಯಾರೇಜು ಸೇರಿದ ಹುಡುಗನನ್ನು ಕಚೇರಿ ಸೇರಿದವನಿಗಿಂತ ಕೀಳೆಂದು ಕಾಣುವ ರೋಗ ನಮ್ಮ ಸಮಾಜಕ್ಕೂ ಅಂಟಿದೆ. ಹಗ್ಗ ಹೊಸೆಯುವವನನ್ನು ಶರಣನೆಂದು ಪೂಜಿಸುವ ನಾವು, ಎಂಜಿನ್ನು ಬಿಚ್ಚುವವನಿಗೆ ಹೆಣ್ಣು ಕೊಡಲು ಹಿಂಜರಿದರೆ ನಮ್ಮ ಜಯಂತಿಗಳೂ ಮೆರವಣಿಗೆಗಳೂ ಯಾತಕ್ಕೆ?

ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುವಾಗ ಅದು ನಮ್ಮ ಕಣ್ಣೆದುರಿಗಿರುತ್ತದೆ. ಪೂಜೆ ಮುಗಿದ ಮೇಲೆ ಕರಡಿಗೆಯಲ್ಲಿ ಅಡಗಿ ಎದೆಯ ಮೇಲೆ ಇರುತ್ತದೆ. ಕಾಣದಿದ್ದರೂ ಇದ್ದೇ ಇರುತ್ತದೆ. ಕಾಣದೆ ಇದ್ದಾಗ ನಾವು ಹೇಗಿರುತ್ತೇವೆ ಎಂಬುದರಲ್ಲೇ ನಮ್ಮ ಭಕ್ತಿಯ ಅಳತೆಯಿದೆ. ಮ್ಯಾನಿಫೋಲ್ಡಿನ ಹಿಂದೆ, ಮೂರನೆಯ ಬಾವಿಯ ಕೊನೆಯ ಬೋಲ್ಟನ್ನು ಹೇಳಿದಷ್ಟೇ ಬಿಗಿದು, ಎಣಿಸಿದ ಬಟ್ಟೆಗಳನ್ನು ಎಣಿಸಿ ತೆಗೆದ ಕೈಗೆ ನಮ್ಮ ಶರಣು. ಆ ಕೈಯ ಶ್ರಮವನ್ನು ಅರಿತು ಸಲ್ಲತಕ್ಕದ್ದನ್ನು ಸಲ್ಲಿಸಿದ ಗೃಹಸ್ಥರಿಗೂ ಶರಣು. ಘಾಟಿಯ ದಾರಿಯಲ್ಲಿ ಎಲ್ಲರ ಪಯಣವೂ ಸುಖವಾಗಿರಲಿ.